ಚಾರ್ಟೆಲ್ಲ ಹಸಿರು, ನಷ್ಟ 1,270 ಕೋಟಿ ಡಾಲರ್: ಫೋರ್ಡ್‌ನ ಗುರುವಾರದ ಮೀಟಿಂಗ್

ನಮ್ಮ ಆಫೀಸಿನಲ್ಲಿ ‘ಕಲ್ಲಂಗಡಿ’ ಅಂತ ಒಂದು ಮಾತಿದೆ. ಯಾವುದೋ ಕೆಲಸ ವಾರಗಟ್ಟಲೆ ಸ್ಟೇಟಸ್ ಶೀಟಿನಲ್ಲಿ ಹಸಿರಾಗಿ, ಅಂದರೆ ಎಲ್ಲ ಸರಿಯಾಗಿದೆ ಅನ್ನುವ ಹಾಗೆ, ಕೂತಿರುತ್ತದೆ. ಡೆಲಿವರಿಗೆ ಎರಡು ದಿನ ಇದೆ ಅನ್ನುವಾಗ ದಿಢೀರನೆ ಕೆಂಪಾಗುತ್ತದೆ. ಆಗ ಯಾರಾದರೊಬ್ಬರು ಮೆಲ್ಲಗೆ ‘ಬಂತು ನೋಡಿ ಕಲ್ಲಂಗಡಿ’ ಅನ್ನುತ್ತಾರೆ. ಹೊರಗೆಲ್ಲ ಹಸಿರು, ಕುಯ್ದರೆ ಕೆಂಪು. ಬೆಂಗಳೂರಿನ ಯಾವ ಸಾಫ್ಟ್‌ವೇರ್ ಆಫೀಸಿನಲ್ಲಿ ಹೇಳಿದರೂ ಈ ಮಾತಿಗೆ ನಗು ಬರುತ್ತದೆ. ನಗುವವರಲ್ಲಿ ಅರ್ಧ ಜನ ಆ ಹೊತ್ತಿಗೆ ತಮ್ಮದೇ ಒಂದು ಕಲ್ಲಂಗಡಿಯನ್ನು ಮೇಜಿನ ಕೆಳಗೆ ಇಟ್ಟುಕೊಂಡಿರುತ್ತಾರೆ.

ನಾನೂ ಇಟ್ಟುಕೊಂಡಿದ್ದೆ. ಒಂದು ಹಳೆಯ ಸಿಸ್ಟಮ್‌ನಿಂದ ಹೊಸದಕ್ಕೆ ಡೇಟಾ ಸಾಗಿಸುವ ಕೆಲಸ. ಹಳೆಯ ರೆಕಾರ್ಡುಗಳು ಹೊಸದಕ್ಕೆ ಹೊಂದುತ್ತಿಲ್ಲ ಅಂತ ಮೊದಲ ವಾರವೇ ಗೊತ್ತಾಗಿತ್ತು. ಶೀಟಿನಲ್ಲಿ ಹಸಿರು ಹಾಕಿದೆ. ಮುಂದಿನ ವಾರ ಸರಿಮಾಡಿಬಿಡೋಣ, ಸುಮ್ನೆ ಈಗಲೇ ಯಾಕೆ ಗಾಬರಿ ಎಬ್ಬಿಸೋದು ಅನ್ನಿಸಿತು. ಆರು ವಾರ ಹಾಗೇ ಅನ್ನಿಸುತ್ತಿತ್ತು. ಏಳನೇ ವಾರ ಕ್ಲೈಂಟೇ ಕಂಡುಹಿಡಿದರು.

ಆಮೇಲೆ ನನ್ನನ್ನು ಕಾಡಿದ್ದು ಬೈಗುಳವಲ್ಲ. ನಮ್ಮ ಶೀಟಿನಲ್ಲಿ ಗುರಿ ಇತ್ತು, ತಾರೀಖು ಇತ್ತು, ಶೇಕಡಾ ಎಷ್ಟು ಮುಗಿದಿದೆ ಅನ್ನುವ ಕಾಲಂ ಇತ್ತು, ಬಣ್ಣವೂ ಇತ್ತು. ಟೀಮಿನಲ್ಲಿ ಮುಚ್ಚುಮರೆ ಹೋಗಬೇಕಾದರೆ ಅಳೆಯಬಹುದಾದ ಗುರಿ ಇಡಿ ಅಂತ ಎಲ್ಲ ಟ್ರೈನಿಂಗ್‌ನಲ್ಲೂ ಹೇಳುತ್ತಾರೆ. ಇಟ್ಟಿದ್ದೆವು. ಆ ಅಳತೆಯ ಹಿಂದೆಯೇ ನಾನು ಆರು ವಾರ ಅಡಗಿ ಕೂತಿದ್ದೆ. ಹಾಗಾದರೆ ಎಲ್ಲಿ ತಪ್ಪಿತು?

ಇದನ್ನು ಯೋಚಿಸುವಾಗ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಫೋರ್ಡ್ ಕಾರು ಕಂಪನಿಯ 2006ರ ಪ್ರಕರಣ. ಮ್ಯಾನೇಜ್‌ಮೆಂಟ್ ಓದಿದವರಿಗೆ ಗೊತ್ತಿರುವ ಕಥೆಯೇ. ಆದರೆ ಅದನ್ನು ಹೇಳುವಾಗ ಚಪ್ಪಾಳೆಯ ದೃಶ್ಯವೊಂದನ್ನೇ ಹೇಳಿ ಮುಗಿಸುತ್ತಾರೆ. ಚಪ್ಪಾಳೆಗಿಂತ ಮುಂಚೆ ನಡೆದ ಬೋರು ಹೊಡೆಸುವ ಕೆಲಸ ಮತ್ತು ವರ್ಷಗಟ್ಟಲೆ ಆಮೇಲೆ ಹೊರಬಂದ ಇನ್ನೊಂದು ಕಥೆ, ಎರಡೂ ಬಿಟ್ಟುಹೋಗುತ್ತವೆ.

ಗಾಜಿನ ಮನೆಯೊಳಗೆ ಯಾರಿಗೂ ಯಾರೂ ಕಾಣುತ್ತಿರಲಿಲ್ಲ

ಫೋರ್ಡ್‌ನ ಮುಖ್ಯ ಕಚೇರಿ ಇರುವುದು ಅಮೆರಿಕದ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ. ಗೋಡೆಯೆಲ್ಲ ಗಾಜು ಇದ್ದುದರಿಂದ ಆಗಿನ ಕಚೇರಿ ಕಟ್ಟಡಕ್ಕೆ ‘ಗ್ಲಾಸ್ ಹೌಸ್’ ಅಂತಲೇ ಅಡ್ಡಹೆಸರಿತ್ತು. 2006ರಲ್ಲಿ ಹೊರಗಿನಿಂದ ನೋಡಿದರೆ ಕಂಪನಿಯ ಸ್ಥಿತಿ ಸ್ಪಷ್ಟವಾಗೇ ಕಾಣುತ್ತಿತ್ತು. ಮಾರುಕಟ್ಟೆಯ ಪಾಲು ವರ್ಷ ವರ್ಷ ಕುಸಿಯುತ್ತಿತ್ತು. ದೊಡ್ಡ ಎಸ್‌ಯುವಿ ಮತ್ತು ಪಿಕಪ್ ಟ್ರಕ್‌ಗಳ ಲಾಭದ ಮೇಲೆಯೇ ಮನೆ ನಡೆಯುತ್ತಿತ್ತು, ಪೆಟ್ರೋಲ್ ಬೆಲೆ ಏರಿದಂತೆ ಆ ಲಾಭ ಕರಗುತ್ತಿತ್ತು. ಆ ವರ್ಷದ ಜನವರಿಯಲ್ಲೇ 14 ಕಾರ್ಖಾನೆ ಮುಚ್ಚುವ, 25 ಸಾವಿರದಿಂದ 30 ಸಾವಿರ ಜನರನ್ನು ಮನೆಗೆ ಕಳಿಸುವ ಯೋಜನೆ ಪ್ರಕಟವಾಗಿತ್ತು. ವರ್ಷ ಮುಗಿಯುವ ಹೊತ್ತಿಗೆ ನಷ್ಟ 1,270 ಕೋಟಿ ಡಾಲರ್. 1903ರಲ್ಲಿ ಶುರುವಾದ ಕಂಪನಿ ಅಲ್ಲಿಯವರೆಗೆ ಕಂಡ ಅತಿ ದೊಡ್ಡ ನಷ್ಟ ಅದು.

ಒಳಗಿನ ಮೀಟಿಂಗ್‌ಗಳ ಕಥೆ ಬೇರೆ. ತಿಂಗಳಿಗೊಮ್ಮೆ ‘ಮೀಟಿಂಗ್ ವಾರ’ ನಡೆಯುತ್ತಿತ್ತು. ದೊಡ್ಡವರು ದಪ್ಪ ದಪ್ಪ ಫೈಲು ಹಿಡಿದು ಬರುತ್ತಿದ್ದರು. ಪ್ರಶ್ನೆ ಬಂದರೆ ಉತ್ತರ ಹುಡುಕಿಕೊಡೋಕೆ ಸಹಾಯಕರು ಬೇರೆ. ಯುರೋಪಿನ ಫೋರ್ಡ್ ಒಂದು ಪಾಳೆಯಪಟ್ಟು, ಅಮೆರಿಕದ್ದು ಇನ್ನೊಂದು. ಇಬ್ಬರೂ ‘ಫೋಕಸ್’ ಅನ್ನುವ ಒಂದೇ ಹೆಸರಿನ ಕಾರು ಮಾರುತ್ತಿದ್ದರು, ಕಾರು ಮಾತ್ರ ಬೇರೆ ಬೇರೆ. ಪಕ್ಕದವನ ಮುಂದೆ ತನ್ನ ಕಷ್ಟ ಹೇಳಿಕೊಂಡರೆ ಅದು ನಾಳೆ ತನ್ನ ವಿರುದ್ಧವೇ ಬಳಕೆಯಾಗುತ್ತದೆ ಅಂತ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅನುಭವದಿಂದ ಕಲಿತ ಪಾಠ, ತಪ್ಪೂ ಅನ್ನುವಂತಿಲ್ಲ.

ಸೆಪ್ಟೆಂಬರ್ 5, 2006ರಂದು ಹೊಸ ಸಿಇಒ ಹೆಸರು ಪ್ರಕಟವಾಯಿತು: ಅಲನ್ ಮುಲಾಲಿ. ಕಾರು ತಯಾರಿಕೆಯವರೇ ಅಲ್ಲ. ಬೋಯಿಂಗ್‌ನಲ್ಲಿ 37 ವರ್ಷ ವಿಮಾನ ಮಾಡಿದ ಎಂಜಿನಿಯರ್. 777 ವಿಮಾನದ ಯೋಜನೆ ನಡೆಸಿದವರು. ಕಂಪನಿ ಕಟ್ಟಿದ ಹೆನ್ರಿ ಫೋರ್ಡ್‌ನ ಮರಿಮಗ ಬಿಲ್ ಫೋರ್ಡ್ ಸಿಇಒ ಕುರ್ಚಿ ಬಿಟ್ಟುಕೊಟ್ಟು ಅಧ್ಯಕ್ಷರಾಗಿ ಉಳಿದರು. ಡೆಟ್ರಾಯಿಟ್‌ನ ಕಾರು ಜನರಿಗೆ ಇದು ಸುಲಭವಾಗಿ ಗಂಟಲಲ್ಲಿ ಇಳಿಯಲಿಲ್ಲ.

ಪ್ರತಿ ಗುರುವಾರ

ಮುಲಾಲಿ ಬೋಯಿಂಗ್‌ನಿಂದ ಒಂದು ಅಭ್ಯಾಸವನ್ನು ಹೊತ್ತು ತಂದಿದ್ದರು. ಫೋರ್ಡ್‌ನಲ್ಲಿ ಅದಕ್ಕೆ ಬಿಸಿನೆಸ್ ಪ್ಲ್ಯಾನ್ ರಿವ್ಯೂ ಅಂದರು, ಬಾಯಲ್ಲಿ ಬಿಪಿಆರ್. ಹಳೆಯ ಮೀಟಿಂಗ್‌ಗಳನ್ನೆಲ್ಲ ಹೊಡೆದುಹಾಕಿ ಪ್ರತಿ ಗುರುವಾರ ಬೆಳಿಗ್ಗೆ ಈ ಒಂದು ಮೀಟಿಂಗ್. ಜಾಗ ಥಂಡರ್‌ಬರ್ಡ್ ರೂಮ್, ದುಂಡು ಮೇಜು.

ನಿಯಮಗಳು ಓದೋಕೆ ಸಣ್ಣವು. ಎಲ್ಲ ಪ್ರದೇಶದ ಮುಖ್ಯಸ್ಥರೂ ಎಲ್ಲ ವಿಭಾಗದ ಮುಖ್ಯಸ್ಥರೂ ಬರಬೇಕು. ಊರಲ್ಲಿ ಇಲ್ಲದಿದ್ದರೆ ವಿಡಿಯೋದಲ್ಲಿ ಬರಬೇಕು. ತನ್ನ ಚಾರ್ಟನ್ನು ತಾನೇ ವಿವರಿಸಬೇಕು, ಕೈಕೆಳಗಿನವರನ್ನು ಕಳಿಸುವಂತಿಲ್ಲ. ಒಬ್ಬರು ಮಾತಾಡುವಾಗ ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟುವಂತಿಲ್ಲ, ಮೊಬೈಲ್ ನೋಡುವಂತಿಲ್ಲ. ಇನ್ನೊಬ್ಬರನ್ನು ಹಂಗಿಸಿ ಜೋಕು ಮಾಡುವಂತಿಲ್ಲ. ಈ ಕೊನೆಯದನ್ನು ಓದಿದಾಗ ನನಗೆ ಮೊದಲು ಶಾಲೆಯ ಶಿಸ್ತು ನೆನಪಾಯಿತು. ಎರಡನೇ ಸಲ ಓದಿದಾಗ ನಮ್ಮ ಸೋಮವಾರದ ಕಾಲ್ ನೆನಪಾಯಿತು. ಅಲ್ಲಿ ಯಾರಾದರೂ ‘ಸ್ವಲ್ಪ ತಡ ಆಗಬಹುದು’ ಅಂದ ಕೂಡಲೇ ಒಬ್ಬ ಹಿರಿಯರು ‘ಯಾಕೆ, ಊರಿಗೆ ಹೋಗಿದ್ರಾ?’ ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಆಮೇಲೆ ಯಾರೂ ತಡ ಅನ್ನುತ್ತಿರಲಿಲ್ಲ.

ಪ್ರತಿ ಮೀಟಿಂಗನ್ನೂ ಮುಲಾಲಿ ತಮ್ಮದೇ ಸ್ಲೈಡುಗಳಿಂದ ಶುರು ಮಾಡುತ್ತಿದ್ದರು. ನಮ್ಮ ಯೋಜನೆ ಏನು, ಹೊರಗಿನ ಜಗತ್ತು ಹೇಗಿದೆ, ನಾವು ಎಲ್ಲಿದ್ದೇವೆ. ವಾರ ವಾರ ಅದೇ ಮಾತು. ಯೋಜನೆ ನಾಲ್ಕೇ ಸಾಲಿನದು. ಈಗಿರುವ ಬೇಡಿಕೆಯಲ್ಲೇ ಲಾಭ ಬರುವಂತೆ ಕಂಪನಿಯನ್ನು ಕುಗ್ಗಿಸುವುದು. ಜನ ಕೇಳುವ ಹೊಸ ಗಾಡಿಗಳನ್ನು ಬೇಗ ತರುವುದು. ಅದಕ್ಕೆ ಬೇಕಾದ ಹಣ ಹೊಂದಿಸುವುದು. ಎಲ್ಲರೂ ಒಂದೇ ಟೀಮಾಗಿ ಕೆಲಸ ಮಾಡುವುದು. ಕೊನೆಯದನ್ನು ಬಿಟ್ಟರೆ ಉಳಿದ ಮೂರಕ್ಕೂ ಅಂಕಿ ಹಚ್ಚಬಹುದು. ಮುಲಾಲಿ ಆ ನಾಲ್ಕನೆಯದಕ್ಕೂ ಅಳತೆ ಹಚ್ಚೋಕೆ ಹೊರಟಿದ್ದರು, ಅಡ್ಡದಾರಿಯಿಂದ. ಆ ಅಡ್ಡದಾರಿಯೇ ಬಣ್ಣ.

ಪ್ರತಿ ಗುರಿಗೂ ಒಂದು ಚಾರ್ಟ್, ಪ್ರತಿ ಚಾರ್ಟಿಗೂ ಒಬ್ಬ ಹೊಣೆಗಾರ. ಯೋಜನೆಯಂತೆ ನಡೆಯುತ್ತಿದ್ದರೆ ಹಸಿರು. ಯೋಜನೆ ತಪ್ಪಿದೆ, ಆದರೆ ಮತ್ತೆ ದಾರಿಗೆ ತರುವ ಉಪಾಯ ಕೈಯಲ್ಲಿದೆ ಅಂದರೆ ಹಳದಿ. ತಪ್ಪಿದೆ, ಉಪಾಯವೂ ಗೊತ್ತಿಲ್ಲ ಅಂದರೆ ಕೆಂಪು. ಗಮನಿಸಿ, ಇಲ್ಲಿ ಕೆಂಪಿಗೂ ಹಳದಿಗೂ ಇರುವ ವ್ಯತ್ಯಾಸ ತೊಂದರೆ ಎಷ್ಟು ದೊಡ್ಡದು ಅನ್ನುವುದಲ್ಲ. ‘ನನಗೆ ಗೊತ್ತು’ ಮತ್ತು ‘ನನಗೆ ಗೊತ್ತಿಲ್ಲ’ ಅನ್ನುವುದರ ವ್ಯತ್ಯಾಸ. ದೊಡ್ಡ ಸಂಬಳದ ಜನ ಹತ್ತಾರು ಸಹೋದ್ಯೋಗಿಗಳ ಮುಂದೆ ‘ಗೊತ್ತಿಲ್ಲ’ ಅನ್ನಬೇಕು. ಕೆಂಪು ಬಣ್ಣಕ್ಕೆ ಅಷ್ಟು ತೂಕ ಬರೋದು ಇಲ್ಲೇ.

ಮೊದಲ ವಾರ ನೂರಾರು ಚಾರ್ಟ್‌ ಬಂದವು. ಹೆಚ್ಚುಕಡಿಮೆ ಎಲ್ಲ ಹಸಿರು. ಮುಂದಿನ ವಾರವೂ ಹಸಿರು, ಅದರ ಮುಂದಿನ ವಾರವೂ ಹಸಿರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಅದೇ. ಒಂದು ಗುರುವಾರ ಮುಲಾಲಿ ತಡೆಯಲಾರದೆ ಕೇಳಿದರು. ಈ ವರ್ಷ ಸಾವಿರಾರು ಕೋಟಿ ಕಳೆದುಕೊಳ್ಳುತ್ತಿದ್ದೇವೆ, ಸರಿಯಾಗಿ ನಡೆಯದೇ ಇರುವುದು ಒಂದೂ ಇಲ್ವಾ? ಯಾರೂ ಮಾತಾಡಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಓಕ್‌ವಿಲ್‌ನ ಕಾರು

ಕೆನಡಾದ ಟೊರೊಂಟೊ ಪಕ್ಕದ ಓಕ್‌ವಿಲ್‌ನಲ್ಲಿ ಫೋರ್ಡ್‌ನ ಕಾರ್ಖಾನೆ ಇದೆ. ಆ ದಿನಗಳಲ್ಲಿ ಅಲ್ಲಿ ‘ಎಜ್’ ಅನ್ನುವ ಹೊಸ ಗಾಡಿ ತಯಾರಾಗುತ್ತಿತ್ತು. ಕಂಪನಿಗೆ ಅದರ ಮೇಲೆ ತುಂಬ ಆಸೆ. ಬಿಡುಗಡೆಗೆ ಸ್ವಲ್ಪವೇ ದಿನ ಇರುವಾಗ ಗಾಡಿಯಲ್ಲೊಂದು ದೋಷ ಕಂಡಿತು. ಕಾರಣ ತಕ್ಷಣ ಸಿಗಲಿಲ್ಲ.

ಉತ್ತರ, ದಕ್ಷಿಣ ಅಮೆರಿಕ ಎರಡನ್ನೂ ನೋಡಿಕೊಳ್ಳುತ್ತಿದ್ದವರು ಮಾರ್ಕ್ ಫೀಲ್ಡ್ಸ್, ವಯಸ್ಸು 45. ಕಾರ್ಖಾನೆ ಮುಚ್ಚುವ ಆ ಜನವರಿಯ ಯೋಜನೆಯ ಮುಖ ಅವರೇ. ಹೊರಗಿನಿಂದ ಸಿಇಒ ಬಂದಿದ್ದಾರೆ ಅಂದರೆ ಒಳಗಿನ ಇಂಥವರಿಗೆ ಕುರ್ಚಿ ಸಿಗಲಿಲ್ಲ ಅಂತಲೇ ಅರ್ಥ. ಅವರ ಮುಂದೆ ಎರಡು ದಾರಿ. ಗಾಡಿಯನ್ನು ಹೇಳಿದ ದಿನಕ್ಕೆ ಹೊರಡಿಸಿ, ದೋಷವನ್ನು ಆಮೇಲೆ ಸರಿಮಾಡುವುದು. ಹಳೆಯ ಫೋರ್ಡ್‌ನಲ್ಲಿ ತಾರೀಖು ಅಂದರೆ ತಾರೀಖು. ಇಲ್ಲವೇ ನಿಲ್ಲಿಸುವುದು, ನಿಲ್ಲಿಸಿದ್ದೇನೆ ಅಂತ ಎಲ್ಲರ ಮುಂದೆ ಹೇಳುವುದು.

ಫೀಲ್ಡ್ಸ್ ನಿಲ್ಲಿಸಿದರು. ಗುರುವಾರ ಬಂತು. ಒಬ್ಬೊಬ್ಬರದೂ ಹಸಿರು, ಹಸಿರು, ಹಸಿರು. ಫೀಲ್ಡ್ಸ್ ಸರದಿಯಲ್ಲಿ ಎಜ್‌ನ ಚಾರ್ಟ್ ತೆರೆಯಿತು. ಕೆಂಪು.

ಕೋಣೆ ಗಪ್‌ಚುಪ್. ಕೆಲವರು ಮೇಜು ನೋಡುತ್ತಿದ್ದರು. ಇನ್ನೇನು, ಇವರ ತಲೆದಂಡ ಅಂತಲೇ ಸುತ್ತಲಿದ್ದವರ ಲೆಕ್ಕಾಚಾರ. ಮುಲಾಲಿ ಚಪ್ಪಾಳೆ ತಟ್ಟಿದರು. ಇಷ್ಟು ಸ್ಪಷ್ಟವಾಗಿ ತೋರಿಸಿದ್ದಕ್ಕೆ ಥ್ಯಾಂಕ್ಸ್ ಹೇಳಿದರು. ಆಮೇಲೆ ಮೇಜಿನ ಕಡೆ ತಿರುಗಿ, ಇವರಿಗೆ ಯಾರು ಸಹಾಯ ಮಾಡಬಹುದು ಅಂತ ಕೇಳಿದರು. ಕೆಲವೇ ಸೆಕೆಂಡುಗಳಲ್ಲಿ ಕೈಗಳು ಎದ್ದವು. ಇಂಥದ್ದನ್ನೇ ಬೇರೆ ಗಾಡಿಯಲ್ಲಿ ನೋಡಿದ್ದೇನೆ ಅಂದರು ಒಬ್ಬರು. ನನ್ನ ಎಂಜಿನಿಯರ್‌ಗಳನ್ನು ಕಳಿಸುತ್ತೇನೆ ಅಂದರು ಇನ್ನೊಬ್ಬರು. ತೊಂದರೆ ಆ ಕೋಣೆಗೆ ಬಂದು ಐದು ನಿಮಿಷವಾಗಿರಲಿಲ್ಲ, ಅಷ್ಟರಲ್ಲೇ ಅದಕ್ಕೆ ಗೊತ್ತಿರುವ ಜನ ಸಿಕ್ಕಿದ್ದರು. ಅವರೆಲ್ಲ ವಾರಗಳಿಂದ ಇದೇ ಮೇಜಿನ ಸುತ್ತ ಕೂತವರೇ.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿ ನಿಲ್ಲಿಸುತ್ತಾರೆ. ನನಗೆ ಮುಂದಿನ ಗುರುವಾರವೇ ಮುಖ್ಯ ಅನ್ನಿಸುತ್ತದೆ. ಚಪ್ಪಾಳೆ ನೋಡಿ ಯಾರೂ ತಕ್ಷಣ ಬಾಯಿಬಿಡಲಿಲ್ಲ. ಅಷ್ಟು ಸುಲಭಕ್ಕೆ ನಂಬುವ ಜನವೇ ಆಗಿದ್ದರೆ ಆ ಹುದ್ದೆವರೆಗೆ ಬರುತ್ತಿರಲಿಲ್ಲ. ಮೀಟಿಂಗ್‌ನಲ್ಲಿ ಹೊಗಳಿ ಆಮೇಲೆ ಕೋಣೆಗೆ ಕರೆದು ಕತ್ತರಿಸುವವರನ್ನು ಅವರು ಎಷ್ಟೋ ನೋಡಿದ್ದರು. ಆದರೆ ಮುಂದಿನ ಗುರುವಾರ ಫೀಲ್ಡ್ಸ್ ಅದೇ ಕುರ್ಚಿಯಲ್ಲಿ ಕೂತಿದ್ದರು. ಮುಖ ಸಪ್ಪೆ ಇರಲಿಲ್ಲ. ಕೆಲವು ವಾರಗಳಲ್ಲಿ ಚಾರ್ಟುಗಳು ಕಾಮನಬಿಲ್ಲಿನ ಹಾಗಾದವು. ಕೆಂಪು, ಹಳದಿ, ನಡುವೆ ಅಲ್ಲಲ್ಲಿ ಹಸಿರು. ಆಗಲೇ ಮುಲಾಲಿಗೆ ಕಂಪನಿ ಯಾಕೆ ನಷ್ಟದಲ್ಲಿದೆ ಅನ್ನುವುದು ಕಣ್ಣಿಗೆ ಕಂಡಿದ್ದು. ಗುಟ್ಟಾಗಿ ಇಟ್ಟಿದ್ದನ್ನು ನಿಭಾಯಿಸೋಕೆ ಆಗಲ್ಲ ಅನ್ನುವುದು ಅವರು ಪದೇ ಪದೇ ಹೇಳುತ್ತಿದ್ದ ಮಾತು.

ಅಳತೆ ಏನು ಮಾಡಿತು, ಏನು ಮಾಡಲಿಲ್ಲ

ಚಾರ್ಟ್, ಗುರಿ, ಬಣ್ಣದ ನಿಯಮ ಎಲ್ಲ ಮೊದಲ ವಾರದಿಂದಲೇ ಇದ್ದವು. ಆ ಹಸಿರು ವಾರಗಳಲ್ಲಿ ಅವುಗಳಿಂದ ಒಂದು ಗುಲಗಂಜಿಯಷ್ಟೂ ಪಾರದರ್ಶಕತೆ ಬರಲಿಲ್ಲ. ಬದಲಾಗಿದ್ದು ಕೆಂಪಿನ ಬೆಲೆ. ಒಬ್ಬ ಮನುಷ್ಯ ಕೆಂಪು ತೋರಿಸಿದ, ಅವನ ಕೆಲಸ ಹೋಗಲಿಲ್ಲ, ಮೇಲಾಗಿ ಸಹಾಯ ಸಿಕ್ಕಿತು. ನನ್ನ ಕಲ್ಲಂಗಡಿಗೂ ಇದೇ ಉತ್ತರ. ನಮ್ಮ ಆಫೀಸಿನಲ್ಲಿ ಕೆಂಪು ಹಾಕಿದವನಿಗೆ ಸಿಗುತ್ತಿದ್ದದ್ದು ದಿನಕ್ಕೆರಡು ಹೆಚ್ಚುವರಿ ಕಾಲ್, ಮೇಲಿನವರಿಗೆ ದಿನಾ ಒಂದು ಮೇಲ್. ಕೆಲಸ ಮಾಡೋಕೆ ಇದ್ದ ಸಮಯವೂ ಹೋಗುತ್ತಿತ್ತು. ಆ ಲೆಕ್ಕದಲ್ಲಿ ಹಸಿರು ಹಾಕುವುದು ಬುದ್ಧಿವಂತಿಕೆಯೇ ಆಗಿತ್ತು, ಅಲ್ವಾ?

ಹಾಗಂತ ಅಳತೆ ಬೇಡವಾಗಿತ್ತು ಅನ್ನೋಕೂ ಆಗಲ್ಲ. ಚಾರ್ಟ್ ಇಲ್ಲದೆ ಹೋಗಿದ್ದರೆ ಫೀಲ್ಡ್ಸ್ ತಮ್ಮ ಕಷ್ಟವನ್ನು ಮುಲಾಲಿಯ ಕೋಣೆಯಲ್ಲಿ, ಬಾಗಿಲು ಮುಚ್ಚಿ, ಪಿಸುಮಾತಿನಲ್ಲಿ ಹೇಳಬಹುದಿತ್ತು. ಆಗ ಅದು ಇಬ್ಬರ ನಡುವಿನ ಗುಟ್ಟಾಗುತ್ತಿತ್ತು. ಬೇರೆ ಗಾಡಿಯಲ್ಲಿ ಅದನ್ನೇ ನೋಡಿದ್ದವರಿಗೆ ಸುದ್ದಿ ಮುಟ್ಟುತ್ತಲೇ ಇರಲಿಲ್ಲ. ಎಲ್ಲರ ಗುರಿಯೂ ಒಂದೇ ಗೋಡೆಯ ಮೇಲೆ, ಒಂದೇ ಮಾದರಿಯಲ್ಲಿ, ಒಂದೇ ದಿನ ಇದ್ದುದರಿಂದ ಕೆಂಪು ಅನ್ನುವುದು ಎದ್ದು ಕಂಡಿತು. ನಮ್ಮಲ್ಲಿ ಎಷ್ಟೋ ಕಡೆ ಗುರಿ ಅನ್ನುವುದು ವರ್ಷಕ್ಕೊಮ್ಮೆ ಅಪ್ರೈಸಲ್ ಫಾರ್ಮಿನಲ್ಲಿ ತುಂಬಿ ಮರೆತುಬಿಡುವ ವಸ್ತು. ಅದನ್ನು ಮ್ಯಾನೇಜರ್ ಬಿಟ್ಟರೆ ಇನ್ಯಾರೂ ನೋಡುವುದಿಲ್ಲ. ಪಕ್ಕದ ಸೀಟಿನವನ ಗುರಿ ಏನು ಅಂತ ಕೇಳಿದರೆ ಸಂಬಳ ಕೇಳಿದ ಹಾಗೆ ಮುಖ ಮಾಡುತ್ತಾರೆ.

ಇನ್ನೊಂದು ಸಣ್ಣ ವಿಷಯ. ಮೀಟಿಂಗ್‌ನಲ್ಲಿ ಕೆಂಪು ಚಾರ್ಟ್ ಬಂದರೆ ಅಲ್ಲೇ ಅದನ್ನು ಬಿಡಿಸೋಕೆ ಕೂರುತ್ತಿರಲಿಲ್ಲ. ಅದಕ್ಕೆ ಬೇರೆ ವಿಶೇಷ ಮೀಟಿಂಗ್ ಇತ್ತು, ಬೇಕಾದವರಷ್ಟೇ ಅಲ್ಲಿಗೆ. ಗುರುವಾರದ್ದು ಬರೀ ನೋಡುವುದಕ್ಕೆ. ನಾವು ಇದನ್ನೇ ತಪ್ಪು ಮಾಡುತ್ತೇವೆ. ಒಬ್ಬರ ತೊಂದರೆ ಹಿಡಿದು ಇಪ್ಪತ್ತು ಜನರ ಒಂದು ಗಂಟೆ ತಿನ್ನುತ್ತೇವೆ. ಮುಂದಿನ ವಾರ ಆ ಒಬ್ಬರು ಇಪ್ಪತ್ತು ಜನರ ಮೇಲಿನ ಕರುಣೆಯಿಂದಲಾದರೂ ಹಸಿರು ಹಾಕುತ್ತಾರೆ.

ಮೇ 2008: ಕಂಪನಿಯೇ ಕೆಂಪು ತೋರಿಸಿದ್ದು

ಈ ಪ್ರಕರಣದಲ್ಲಿ ನನಗೆ ಚಪ್ಪಾಳೆಗಿಂತ ಇಷ್ಟವಾದ ಘಟನೆ ಇದು. 2006ರ ಕೊನೆಯಲ್ಲಿ ಫೋರ್ಡ್ ಸುಮಾರು 2,350 ಕೋಟಿ ಡಾಲರ್ ಸಾಲ ಎತ್ತಿತು. ಕಾರ್ಖಾನೆ, ಪೇಟೆಂಟ್, ಕೊನೆಗೆ ಎಲ್ಲರಿಗೂ ಗೊತ್ತಿರುವ ಆ ನೀಲಿ ಮೊಟ್ಟೆಯಾಕಾರದ ಲೋಗೋವನ್ನೂ ಅಡವಿಟ್ಟಿತು. ಮನೆಯ ತಾಳಿ ಅಡವಿಟ್ಟ ಹಾಗೆ. 2009ಕ್ಕೆ ಲಾಭಕ್ಕೆ ಬರುತ್ತೇವೆ ಅಂತ ಜಗತ್ತಿಗೆಲ್ಲ ಹೇಳಿತು. ಇದಕ್ಕಿಂತ ಅಳೆಯಬಹುದಾದ ಗುರಿ ಇನ್ನೊಂದಿಲ್ಲ. ತಾರೀಖು ಇದೆ, ಲಾಭವೋ ನಷ್ಟವೋ ಅನ್ನುವುದರಲ್ಲಿ ವಾದಕ್ಕೆ ಜಾಗ ಇಲ್ಲ.

2008ರಲ್ಲಿ ಪೆಟ್ರೋಲ್ ಬೆಲೆ ಹಾರಿತು, ಟ್ರಕ್ ಮಾರಾಟ ಬಿತ್ತು. ಮೇ ತಿಂಗಳಲ್ಲಿ ಫೋರ್ಡ್ ಬಹಿರಂಗವಾಗಿ ಒಪ್ಪಿಕೊಂಡಿತು: 2009ರ ಲಾಭದ ಗುರಿ ಮುಟ್ಟುವ ಹಾಗೆ ಕಾಣುತ್ತಿಲ್ಲ. ವರ್ಷದ ಕೊನೆಯವರೆಗೆ ಕಾದು, ಮಾರುಕಟ್ಟೆ ಕುಸಿತದ ಮೇಲೆ ಹಾಕಿ ಜಾರಿಕೊಳ್ಳಬಹುದಿತ್ತು. ಏಳು ತಿಂಗಳು ಮೊದಲೇ ಹೇಳಿತು. ಥಂಡರ್‌ಬರ್ಡ್ ರೂಮಿನ ಅಭ್ಯಾಸ ಬೀದಿಗೂ ಬಂದ ಹಾಗೆ.

ಆ ವರ್ಷದ ನಷ್ಟ ಸುಮಾರು 1,470 ಕೋಟಿ ಡಾಲರ್, 2006ಕ್ಕಿಂತಲೂ ಜಾಸ್ತಿ. ಅದೇ ವರ್ಷ ಜಾಗ್ವಾರ್ ಲ್ಯಾಂಡ್ ರೋವರ್ ಅನ್ನು 230 ಕೋಟಿ ಡಾಲರ್‌ಗೆ ನಮ್ಮ ಟಾಟಾ ಮೋಟಾರ್ಸ್‌ಗೆ ಮಾರಿತು. 2009ರಲ್ಲಿ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ದಿವಾಳಿ ಅರ್ಜಿ ಹಾಕಿ ಸರ್ಕಾರದ ಹಣದಲ್ಲಿ ಉಳಿದುಕೊಂಡವು. ಫೋರ್ಡ್ ಆ ಹಣ ತೆಗೆದುಕೊಳ್ಳಲಿಲ್ಲ. ಇಂಧನ ಇಲಾಖೆಯಿಂದ 590 ಕೋಟಿ ಡಾಲರ್ ಸಾಲ ಸಿಕ್ಕಿತ್ತು ಅನ್ನುವುದನ್ನೂ ಸೇರಿಸಿ ಹೇಳಬೇಕು, ಅಭಿಮಾನಿಗಳು ಅದನ್ನು ಮರೆಯುತ್ತಾರೆ. ತಮಾಷೆ ಅಂದರೆ, ಆಗಲ್ಲ ಅಂದಿದ್ದ 2009ರಲ್ಲೇ 270 ಕೋಟಿ ಡಾಲರ್ ಲಾಭ ಬಂತು. ಅಡವಿಟ್ಟ ಲೋಗೋ 2012ರಲ್ಲಿ ಬಿಡಿಸಿಕೊಂಡು ಬಂತು. 2014ರ ಜುಲೈನಲ್ಲಿ ಮುಲಾಲಿ ನಿವೃತ್ತರಾದಾಗ ಆ ಕುರ್ಚಿಗೆ ಬಂದವರು ಮಾರ್ಕ್ ಫೀಲ್ಡ್ಸ್.

ಇದೆಲ್ಲ ಒಂದು ಮೀಟಿಂಗ್‌ನಿಂದಲೇ ಆಯಿತು ಅಂತ ಹೇಳುವವರನ್ನು ನಾನು ನಂಬುವುದಿಲ್ಲ. ಬೇರೆಯವರಿಗೆ ಸಾಲ ಹುಟ್ಟದ ಹೊತ್ತಿಗೆ ಇವರ ಕೈಯಲ್ಲಿ ಸಾಲದ ದುಡ್ಡಿತ್ತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಗುರುವಾರದ ಕೋಣೆ ಮಾಡಿದ್ದು ಇಷ್ಟೇ, ಆ ದುಡ್ಡು ಎಲ್ಲಿ ಸೋರುತ್ತಿದೆ ಅನ್ನುವುದನ್ನು ಬೇಗ ತೋರಿಸಿತು.

ಕೆಳಮಹಡಿಯ ಕೆಂಪು

ಇನ್ನು ಆ ಬಿಟ್ಟುಹೋಗುವ ಕಥೆ. ಮುಲಾಲಿ ಇದ್ದ ಕಾಲದಲ್ಲೇ ಫೋರ್ಡ್ ಫಿಯೆಸ್ಟಾ ಮತ್ತು ಫೋಕಸ್ ಕಾರುಗಳಿಗೆ ‘ಪವರ್‌ಶಿಫ್ಟ್’ ಅನ್ನುವ ಹೊಸ ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹಾಕಿತು. ಅಮೆರಿಕದಲ್ಲಿ ಅವು 2011 ಮತ್ತು 2012ರ ಮಾಡೆಲ್‌ಗಳಿಂದ ಶುರು. ಗಾಡಿ ನಡುಗುತ್ತದೆ, ಎಳೆಯುವುದಿಲ್ಲ ಅಂತ ದೂರುಗಳ ಮಳೆ ಸುರಿಯಿತು. ಆಸ್ಟ್ರೇಲಿಯಾದಲ್ಲಿ ಆ ದೂರುಗಳನ್ನು ನಿಭಾಯಿಸಿದ ರೀತಿಗೆ ಅಲ್ಲಿನ ಫೆಡರಲ್ ಕೋರ್ಟ್ 2018ರಲ್ಲಿ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. 2019ರಲ್ಲಿ ಡೆಟ್ರಾಯಿಟ್ ಫ್ರೀ ಪ್ರೆಸ್ ಪತ್ರಿಕೆ ಕಂಪನಿಯ ಒಳದಾಖಲೆಗಳನ್ನು ಇಟ್ಟುಕೊಂಡು ಬರೆಯಿತು. ಗೇರ್‌ಬಾಕ್ಸ್‌ನ ದೋಷ ಒಳಗಿನವರಿಗೆ ಮಾರಾಟಕ್ಕೆ ಮುಂಚೆಯೇ ಗೊತ್ತಿತ್ತು ಅನ್ನುವುದು ಅದರ ಸಾರ.

ನಾನು ಈ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ತುಂಬ ಹೊತ್ತು ನೋಡಿದ್ದೇನೆ. ಒಂದೇ ಕಂಪನಿ. ಒಂದು ಗಾಡಿಯನ್ನು ದೋಷ ಕಂಡಿತೆಂದು ತಡೆದು ನಿಲ್ಲಿಸಿದರು, ಚಪ್ಪಾಳೆ ಬಿತ್ತು. ಇನ್ನೊಂದು ರಸ್ತೆಗೆ ಇಳಿದೇಬಿಟ್ಟಿತು. ಮೇಲಿನ ಕೋಣೆಯಲ್ಲಿ ಕೂತ ಹತ್ತಾರು ಜನರಿಗೆ ಕೆಂಪಿನ ಭಯ ಹೋಗಿತ್ತು. ಆದರೆ ಗೇರ್‌ಬಾಕ್ಸ್‌ನ ಹಲ್ಲು ಎಣಿಸುವ ಎಂಜಿನಿಯರ್‌ಗೂ ಆ ಕೋಣೆಗೂ ನಡುವೆ ಎಷ್ಟು ಮೆಟ್ಟಿಲು! ಪ್ರತಿ ಮೆಟ್ಟಿಲಲ್ಲೂ ಒಬ್ಬ ಮ್ಯಾನೇಜರ್, ಪ್ರತಿಯೊಬ್ಬರ ಕೈಯಲ್ಲೂ ಒಂದು ಹಸಿರು ಪೆನ್ನು. ಕೆಂಪು ಹಳದಿಯಾಗಿ, ಹಳದಿ ತಿಳಿಹಸಿರಾಗಿ ಮೇಲೇರುತ್ತದೆ. ಫೋರ್ಡ್‌ನಲ್ಲಿ ಹೀಗೇ ನಡೆಯಿತು ಅಂತ ನಾನು ಹೇಳುತ್ತಿಲ್ಲ. ನಾನು ಕೆಲಸ ಮಾಡಿದ ಕಡೆಗಳಲ್ಲೆಲ್ಲ ಹೀಗೇ ನಡೆದಿದೆ.

ನಮ್ಮ ಶೀಟು

ಇದನ್ನೆಲ್ಲ ಓದಿದ ಮೇಲೆ ನನ್ನ ಒಂಬತ್ತು ಜನರ ಟೀಮಿನಲ್ಲಿ ಏನು ಮಾಡಿದೆ ಅಂತಲೂ ಹೇಳುತ್ತೇನೆ. ದೊಡ್ಡದೇನೂ ಇಲ್ಲ.

ಶೇಕಡಾ ಎಷ್ಟು ಮುಗಿದಿದೆ ಅನ್ನುವ ಕಾಲಂ ಕಿತ್ತುಹಾಕಿದೆ. ಯಾವ ಕೆಲಸವನ್ನು ಕೇಳಿದರೂ ‘80 ಪರ್ಸೆಂಟ್ ಆಗಿದೆ’ ಅನ್ನುವುದು ನಮ್ಮ ರಾಷ್ಟ್ರೀಯ ಉತ್ತರ. ಬಣ್ಣವನ್ನು ಮನುಷ್ಯರ ಕೈಯಿಂದ ಕಸಿದುಕೊಂಡೆ. ತಾರೀಖು ದಾಟಿದರೆ ತಾನಾಗೇ ಹಳದಿ. ಮುಂದಿನ ದಾರಿ ಏನು ಅನ್ನುವ ಕಾಲಂ ಖಾಲಿ ಇದ್ದರೆ ತಾನಾಗೇ ಕೆಂಪು.

ಆಮೇಲೆ ಎರಡು ಹೊಸ ಕಾಲಂ. ‘ಗೊತ್ತಾದ ದಿನ’, ‘ಹೇಳಿದ ದಿನ’. ಟೀಮಿನ ಗುರಿ, ಇವೆರಡರ ನಡುವಿನ ಅಂತರ ಎರಡು ದಿನ ದಾಟಬಾರದು. ತೊಂದರೆ ಎಷ್ಟು ಬಂದವು ಅಂತ ಎಣಿಸುವುದಿಲ್ಲ. ಅದನ್ನು ಎಣಿಸಿದರೆ ತೊಂದರೆ ಹೇಳುವುದು ನಿಲ್ಲುತ್ತದೆ. ಅಂತರವನ್ನು ಮಾತ್ರ ಎಣಿಸುತ್ತೇವೆ.

ಮೊದಲ ಮೂರು ವಾರ ಯಾರೂ ಏನೂ ತುಂಬಲಿಲ್ಲ. ಎಲ್ಲ ಕೆಲಸವೂ ಅದ್ಭುತವಾಗಿ ನಡೆಯುತ್ತಿತ್ತು ಅಂತ ಕಾಣುತ್ತದೆ. ನಾಲ್ಕನೇ ವಾರ ನಾನೇ ನನ್ನ ಹಳೆಯ ಕಲ್ಲಂಗಡಿಯನ್ನು ತುಂಬಿದೆ. ಗೊತ್ತಾದ ದಿನ, ಹೇಳಿದ ದಿನ, ಅಂತರ 42 ದಿನ. ಎಲ್ಲರೂ ನೋಡಿದರು. ಒಬ್ಬ ನಕ್ಕ, ನಾನೂ ನಕ್ಕೆ. ಮರುದಿನ ಟೀಮಿಗೆ ಸೇರಿ ಆರು ತಿಂಗಳೂ ಆಗದ ಹುಡುಗಿ ಒಂದು ಸಾಲು ತುಂಬಿದಳು. ಟೆಸ್ಟ್ ಸರ್ವರ್‌ನ ಪಾಸ್‌ವರ್ಡ್ ತಪ್ಪಾಗಿ ಎಲ್ಲರಿಗೂ ಕಾಣುವ ಫೈಲಿನಲ್ಲಿ ಹಾಕಿಬಿಟ್ಟಿದ್ದಳು. ಗೊತ್ತಾದ ದಿನ ಮಂಗಳವಾರ, ಹೇಳಿದ ದಿನ ಮಂಗಳವಾರ. ಪಾಸ್‌ವರ್ಡ್ ಬದಲಾಯಿಸೋಕೆ ಹತ್ತು ನಿಮಿಷ ಹಿಡಿಯಿತು.

ಕಷ್ಟ ಈಗ ಮೇಲಿನಿಂದ ಬಂದಿದೆ. ತಿಂಗಳ ರಿವ್ಯೂನಲ್ಲಿ ಹನ್ನೊಂದು ಟೀಮುಗಳ ಶೀಟು ಒಟ್ಟಿಗೆ ತೆರೆಯುತ್ತದೆ. ಹತ್ತು ಹಸಿರು, ನಮ್ಮದೊಂದು ಕುಂಕುಮ ಚೆಲ್ಲಿದ ಹಾಗೆ. ‘ನಿಮ್ಮಲ್ಲಿ ಮಾತ್ರ ಯಾಕೆ ಇಷ್ಟು ಪ್ರಾಬ್ಲಂ?’ ಅಂತ ಎರಡು ಸಲ ಕೇಳಿದ್ದಾರೆ. ಅಂತರದ ಕಾಲಂ ತೋರಿಸಿದೆ. ಮೊದಲ ಸಲ ಹೂಂ ಅಂದರು. ಎರಡನೇ ಸಲ ಏನೂ ಅನ್ನಲಿಲ್ಲ, ಬರೆದುಕೊಂಡರು. ಏನು ಬರೆದುಕೊಂಡರೋ ಅಪ್ರೈಸಲ್‌ನಲ್ಲಿ ಗೊತ್ತಾಗುತ್ತದೆ.

ಹೋದ ವಾರ ಪಕ್ಕದ ಟೀಮಿನ ಲೀಡ್ ಕಾಫಿಗೆ ಕರೆದರು. ಅದೂ ಇದೂ ಮಾತಾಡಿ, ಲೋಟ ಕೆಳಗಿಡುವಾಗ ಆ ಶೀಟಿನ ಒಂದು ಕಾಪಿ ಕೊಡ್ತೀರಾ ಅಂದರು. ಅವತ್ತೇ ಕಳಿಸಿದ್ದೇನೆ. ಇನ್ನೂ ಒಂದು ಸಾಲೂ ತುಂಬಿಲ್ಲ.